ಚಿತ್ರದ ಬೆನ್ನ ಮೇಲೆ ಹೆಸರು ಬರೆಯೋಣ

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವದ ಸಂದರ್ಭದಲ್ಲಿ ಹೊರತರುವ ಸ್ಮರಣ ಸಂಚಿಕೆಗಳನ್ನು ಒಂದೆಡೆ ಇರಿಸಿಕೊಂಡು ತಿರುವಿ ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣದೆ ಇರದು. ಮುಖಪುಟದ ಮೇಲೆ ಹಂಪಿಯ ಕಲ್ಲಿನ ರಥ, ಒಳಪುಟಗಳಲ್ಲಿ ಬೇಲೂರಿನ ಮದನಿಕೆಯರು, ಜೋಗದ ಜಲಪಾತ, ಬಾದಾಮಿಯ ಗುಹೆ. ಕೊನೆಯಲ್ಲಿ ಪದಾಧಿಕಾರಿಗಳ ಭಾವಚಿತ್ರಗಳ ಸಾಲು. ಇವುಗಳ ನಡುವೆ, ನಾವು ಮೂವತ್ತು ನಲವತ್ತು ವರ್ಷ ಅನ್ನ ನೀರು ಕಂಡ ಊರಿನ ಚಿತ್ರ ಒಂದೂ ಇರುವುದಿಲ್ಲ. ಬಿಟ್ಟುಬಂದ ನಾಡನ್ನು ಚಿತ್ರಗಳಲ್ಲಿ ಪೂಜಿಸುವ ನಾವು, ಬಂದು ನೆಲೆಸಿದ ನಾಡನ್ನು ಬಾಡಿಗೆಯ ಮನೆಯಂತೆ ಕಾಣುತ್ತಾ ಬಂದಿದ್ದೇವೆ. ಬಾಡಿಗೆ ಮನೆಯ ಗೋಡೆಯನ್ನು ಯಾರು ಕಟ್ಟಿದರೆಂದು ಯಾರೂ ವಿಚಾರಿಸುವುದಿಲ್ಲವಷ್ಟೆ?

ಈ ಉದಾಸೀನಕ್ಕೆ ನಾವು ತೆರುತ್ತಿರುವ ಬೆಲೆ ಸಣ್ಣದಲ್ಲ ಎಂಬುದು ನನ್ನ ಅಭಿಪ್ರಾಯ. ವಲಸೆ ಬಂದವರ ಚರಿತ್ರೆ ಹುಟ್ಟಿದ ರಾಜ್ಯದ ಇತಿಹಾಸ ಗ್ರಂಥಗಳಲ್ಲಿ ಬರುವುದಿಲ್ಲ, ಏಕೆಂದರೆ ಅವರು ಅಲ್ಲಿಂದ ಹೊರಟುಹೋದವರು. ನೆಲೆಸಿದ ರಾಜ್ಯದ ಗ್ರಂಥಗಳಲ್ಲಿಯೂ ಬರುವುದಿಲ್ಲ, ಏಕೆಂದರೆ ಅವರು ಹೊರಗಿನಿಂದ ಬಂದವರು. ಹೀಗಿರುವಾಗ ನಮ್ಮ ಚರಿತ್ರೆ ಉಳಿದಿರುವುದು ಎಲ್ಲಿ? ಟ್ರಂಕಿನ ಅಡಿಯಲ್ಲಿ, ದೇವರ ಗೂಡಿನ ಪಕ್ಕದ ಮೊಳೆಯಲ್ಲಿ, ಹಳೆಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ, ಹಳದಿಗಟ್ಟಿದ ಛಾಯಾಚಿತ್ರಗಳಲ್ಲಿ. ಅವುಗಳನ್ನು ಓದಲು ಕಲಿಯದೆ ಹೋದರೆ ಇನ್ನೊಂದು ತಲೆಮಾರಿನಲ್ಲಿ ಅವು ರದ್ದಿಯಾಗುತ್ತವೆ. ನಾನು ವಾಸವಾಗಿರುವ ಲೋಣಾವಳಾವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಮಾತನ್ನು ಸ್ವಲ್ಪ ವಿಸ್ತರಿಸಬಯಸುತ್ತೇನೆ.

ಲೋಣಾವಳಾ ಎಂದೊಡನೆ ಜನರ ಮನಸ್ಸಿಗೆ ಬರುವುದು ಮಳೆ, ಮಂಜು ಮತ್ತು ಚಿಕ್ಕಿ. ಪ್ರವಾಸಿಗರಿಗಾಗಿ ಅಚ್ಚಾಗುವ ಕರಪತ್ರಗಳಲ್ಲಿ ಊರಿನ ಇತಿಹಾಸ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: ಮುಂಬಯಿ ಪ್ರಾಂತದ ಗವರ್ನರ್ ಎಲ್ಫಿನ್‌ಸ್ಟನ್ ಸಾಹೇಬರು 1871ರಲ್ಲಿ ಈ ಗಿರಿಧಾಮವನ್ನು ‘ಕಂಡುಹಿಡಿದರು’ ಎಂದು. ಈ ಒಂದು ವಾಕ್ಯವನ್ನು ಪರೀಕ್ಷಿಸಿದರೆ ಸಾಕು, ಸ್ಥಳೀಯ ಚರಿತ್ರೆಯ ವಿಷಯದಲ್ಲಿ ನಾವೆಷ್ಟು ಸೋಮಾರಿಗಳಾಗಿದ್ದೇವೆ ಎಂಬುದು ತಿಳಿಯುತ್ತದೆ. ಎಲ್ಫಿನ್‌ಸ್ಟನ್ ಎಂಬ ಹೆಸರಿನ ಗವರ್ನರುಗಳು ಇಬ್ಬರಿದ್ದರು. ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಅಧಿಕಾರದಲ್ಲಿದ್ದುದು 1819ರಿಂದ 1827ರವರೆಗೆ. ಲಾರ್ಡ್ ಜಾನ್ ಎಲ್ಫಿನ್‌ಸ್ಟನ್ 1853ರಿಂದ 1860ರವರೆಗೆ. ಮೊದಲನೆಯವರು 1859ರಲ್ಲಿ, ಎರಡನೆಯವರು 1860ರಲ್ಲಿ ತೀರಿಕೊಂಡರು. 1871ರಲ್ಲಿ ಗವರ್ನರ್ ಆಗಿದ್ದವರು ಸೀಮೋರ್ ಫಿಟ್ಜೆರಾಲ್ಡ್. ಇನ್ನು ‘ಕಂಡುಹಿಡಿಯುವ’ ಮಾತು. ಬೋರಘಾಟದ ಬಂಡಿರಸ್ತೆ ಸರ್ ಜಾನ್ ಮಾಲ್ಕಮ್ ಅವರ ಕಾಲದಲ್ಲಿ, 1830ರಲ್ಲಿಯೇ ತೆರೆದಿತ್ತು. ಖಂಡಾಳಾದಿಂದ ಪುಣೆಯವರೆಗೆ ರೈಲು 1858ರಲ್ಲಿಯೇ ಓಡತೊಡಗಿತ್ತು. ರೈಲು ಹದಿಮೂರು ವರ್ಷ ಹಾದುಹೋದ ಊರನ್ನು ಸತ್ತು ಹನ್ನೊಂದು ವರ್ಷವಾಗಿದ್ದ ಗವರ್ನರರು ಕಂಡುಹಿಡಿದರೆಂಬ ಕಥೆಯನ್ನು ನಾವೆಲ್ಲ ತಲೆದೂಗಿ ಒಪ್ಪಿಕೊಂಡಿದ್ದೇವೆ. ಊರಿನ ಹೆಸರಿನಲ್ಲಿಯೇ ‘ಲೇಣಿ’ ಎಂದರೆ ಗುಹೆ ಅಡಗಿದೆಯೆಂದು ಹಿರಿಯರು ಹೇಳುತ್ತಾರೆ. ಸುತ್ತಲಿನ ಕಾರ್ಲೆ, ಭಾಜೆ, ಬೇಡಸೆಯ ಗುಹೆಗಳಿಗೆ ಎರಡು ಸಾವಿರ ವರ್ಷಗಳ ಆಯುಷ್ಯವಿದೆ.

ಲೋಣಾವಳಾದ ಸಮೀಪ, ಲೋಹಗಡ ಕೋಟೆಯ ತಪ್ಪಲಿನ ಹಳ್ಳಿಯೊಂದರ ಹಳೆಯ ಛಾಯಾಚಿತ್ರದ ಪ್ರತಿ ನನ್ನ ಬಳಿ ಇದೆ. ನೆರೆಮನೆಯ ವೃದ್ಧೆಯೊಬ್ಬರ ತವರಿನ ಚಿತ್ರ ಅದು. ಹಿಂಭಾಗದಲ್ಲಿ ಒಂದಕ್ಷರವೂ ಇಲ್ಲ. ತೆಗೆದವರಾರು, ಯಾವಾಗ, ಏತಕ್ಕೆ, ಯಾವುದೂ ಬರೆದಿಲ್ಲ. ಒಂದು ಬಾವಿಯ ಮುಂದೆ ಇಪ್ಪತ್ತರಷ್ಟು ಗಂಡಸರು, ಹುಡುಗರು ನಿಂತಿದ್ದಾರೆ. ಹೆಂಗಸರು ಹಿಂದೆ, ಗೋಡೆಯ ನೆರಳಿನಲ್ಲಿ. ಮೊದಲ ನೋಟಕ್ಕೆ ಇದು ಏನನ್ನೂ ಹೇಳದ ಚಿತ್ರ. ಆದರೆ ಛಾಯಾಚಿತ್ರವನ್ನು ಶಾಸನದಂತೆ ಸಾಲು ಸಾಲಾಗಿ ಓದಬೇಕು.

ಮೊದಲು ಹಿನ್ನೆಲೆ. ಬಲಕ್ಕೆ ಬೆಟ್ಟದ ನೆತ್ತಿಯಿಂದ ಉದ್ದವಾಗಿ ಚಾಚಿಕೊಂಡ ಕಿರಿದಾದ ಬಂಡೆಯ ಏಣು ಕಾಣುತ್ತದೆ. ಅದು ಲೋಹಗಡದ ವಿಂಚೂಕಾಟಾ, ಎಂದರೆ ಚೇಳಿನ ಕೊಂಡಿ. ಮನುಷ್ಯರು ಬದಲಾಗುತ್ತಾರೆ, ಮನೆಗಳು ಬೀಳುತ್ತವೆ, ಬೆಟ್ಟದ ಅಂಚು ಬದಲಾಗುವುದಿಲ್ಲ. ಆ ಏಣು ಅದೇ ಕೋನದಲ್ಲಿ ಕಾಣುವವರೆಗೆ ಹಳ್ಳಿಯಲ್ಲಿ ಅಡ್ಡಾಡಿದರೆ, ಚಿತ್ರಗಾರ ತನ್ನ ಮುಕ್ಕಾಲಿಯನ್ನು ಊರಿದ ಜಾಗದಲ್ಲಿಯೇ ನಾವು ನಿಂತಿರುತ್ತೇವೆ.

ಅನಂತರ ಛಾವಣಿಗಳು. ಮನೆಗಳಲ್ಲಿ ಹೆಚ್ಚಿನವು ಹುಲ್ಲಿನವು, ಕೆಲವು ನಾಡಹೆಂಚಿನವು. ಒಂದೇ ಒಂದು ಮನೆಗೆ ಮಾತ್ರ ಒಂದರೊಳಗೊಂದು ಕಚ್ಚಿಕೊಳ್ಳುವ ಚಪ್ಪಟೆಯ ಹೆಂಚು. ಅದನ್ನು ಕರಾವಳಿಯ ಓದುಗರು ಕಂಡೊಡನೆ ಗುರುತಿಸಿಯಾರು: ಅದು ಮಂಗಳೂರು ಹೆಂಚು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದದ್ದು 1865ರಲ್ಲಿ. ಆದುದರಿಂದ ಚಿತ್ರ ಅದಕ್ಕಿಂತ ಹಿಂದಿನದಾಗಲಾರದು. ನೇತ್ರಾವತಿಯ ದಡದ ಜೇಡಿಮಣ್ಣು ಸಹ್ಯಾದ್ರಿಯ ಈ ಮೂಲೆಗೆ ನಮ್ಮಲ್ಲಿ ಅನೇಕರ ಅಜ್ಜಂದಿರಿಗಿಂತ ಮೊದಲೇ ವಲಸೆ ಬಂದಿತ್ತೆಂದು ಹೇಳಿದರೆ ತಪ್ಪಾಗದು.

ಬಳಿಕ ಉಡುಪು. ಹಿರಿಯರ ತಲೆಯ ಮೇಲೆ ಪಾಗೋಟೆ. ಆದರೆ ಮೂವರು ತರುಣರ ತಲೆಯ ಮೇಲೆ ಬಿಳಿಯ ಗಾಂಧಿ ಟೋಪಿ. ಆ ಟೋಪಿ ಹಳ್ಳಿಗಳಿಗೆ ಹಬ್ಬಿದುದು 1920ರ ಅಸಹಕಾರ ಚಳುವಳಿಯಿಂದೀಚೆಗೆ. ಅಲ್ಲಿಗೆ ಚಿತ್ರದ ಕಾಲ ಇನ್ನಷ್ಟು ಹತ್ತಿರ ಬಂತು. ಕೊನೆಯದಾಗಿ, ಚಿತ್ರದಲ್ಲಿ ಇಲ್ಲದಿರುವುದನ್ನೂ ಗಮನಿಸಬೇಕು. ಊರಿನಲ್ಲೆಲ್ಲೂ ವಿದ್ಯುತ್ ಕಂಬವಿಲ್ಲ. ಇದೇ ಮಾವಳ ಸೀಮೆಯ ಮಳೆನೀರನ್ನು ಲೋಣಾವಳಾ, ವಳವಣ, ಶಿರೋತಾ ಎಂಬ ಮೂರು ಜಲಾಶಯಗಳಲ್ಲಿ ಹಿಡಿದು, ಘಟ್ಟದ ಕೆಳಗೆ ಖೋಪೋಲಿಗೆ ಧುಮುಕಿಸಿ, ಟಾಟಾ ಕಂಪನಿಯವರು 1915ರಿಂದ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತನ್ನು ಒದಗಿಸತೊಡಗಿದ್ದರು. ಗಿರಣಿಯ ಮಗ್ಗಗಳು ಈ ನೀರಿನ ಬಲದಿಂದ ತಿರುಗುತ್ತಿದ್ದಾಗ, ನೀರು ಹುಟ್ಟುವ ಸೀಮೆಯ ಈ ಹಳ್ಳಿಯಲ್ಲಿ ಎಣ್ಣೆಯ ದೀಪವೇ ಉರಿಯುತ್ತಿತ್ತು. ಒಂದೂ ಅಕ್ಷರವಿಲ್ಲದ ಚಿತ್ರ ಇಷ್ಟನ್ನು ಹೇಳಬಲ್ಲುದು.

ಚಿತ್ರ ಹೇಳಲಾರದ್ದನ್ನು ಆ ವೃದ್ಧೆ ಹೇಳಿದರು. ನಿಂತವರಲ್ಲಿ ಏಳು ಮಂದಿಯನ್ನು ಅವರು ಬೆರಳಿಟ್ಟು ಹೆಸರಿಸಿದರು: ತಂದೆ, ಚುಲತೆ ಎಂದು ಅವರು ಕರೆಯುತ್ತಿದ್ದ ಚಿಕ್ಕಪ್ಪ, ಊರಿನ ಪಾಟೀಲರು, ಶಾಲೆಯ ಮಾಸ್ತರರು, ಹೀಗೆ. ಬಾವಿಯ ಕಟ್ಟೆಯ ಬಲತುದಿಯಲ್ಲಿ, ಗುಂಪಿನಿಂದ ಎರಡು ಮಾರು ದೂರದಲ್ಲಿ ಒಬ್ಬ ಗಿಡ್ಡ ಆಳು ನಿಂತಿದ್ದಾನೆ. ತಲೆಗೆ ವಸ್ತ್ರ ಸುತ್ತಿದ್ದಾನೆ, ಕೈಯಲ್ಲಿ ಸುತ್ತಿಗೆಯಿದೆ. ಅವನು ಯಾರೆಂದು ಕೇಳಿದೆ. ‘ತೋ ಕಾನಡೀ’ ಎಂದರು. ಅವನು ಕನ್ನಡದವನು ಎಂದು ಅರ್ಥ. ಬಾವಿಗೆ ಕಲ್ಲು ಕಟ್ಟಲು ಬಂದ ತಂಡದವನಂತೆ. ತಂಡ ಮುಂದಿನ ಊರಿಗೆ ಹೋದ ಮೇಲೂ ಕೆಲವು ಕಾಲ ಇಲ್ಲಿಯೇ ಉಳಿದಿದ್ದನಂತೆ. ಹೆಸರೇನೆಂದು ವಿಚಾರಿಸಿದಾಗ, ಮನೆಯಲ್ಲಿ ಎಲ್ಲರೂ ಅವನನ್ನು ಕಾನಡೀ ಎಂದೇ ಕರೆಯುತ್ತಿದ್ದರೆಂದು ಉತ್ತರಿಸಿದರು. ಬಾವಿ ಇಂದಿಗೂ ಇದೆ. ಗಾರೆಯಿಲ್ಲದೆ ಕೂಡಿಸಿದ ಅದರ ಕರಿಗಲ್ಲಿನ ವರಸೆಗಳು ಒಂದು ಬೆರಳಿನಷ್ಟೂ ಜರುಗಿಲ್ಲ. ಹೆಸರು ಮಾತ್ರ ಹೋಯಿತು. ನುಡಿಯೇ ಅವನ ಹೆಸರಾಗಿ ಉಳಿಯಿತು.

ಇದು ಒಂದು ಹಳ್ಳಿಯ ಒಬ್ಬ ಕಲ್ಲುಕುಟಿಗನ ಮಾತಷ್ಟೇ ಆಗಿದ್ದರೆ ನಾನು ಇಷ್ಟು ದೀರ್ಘವಾಗಿ ಬರೆಯುತ್ತಿರಲಿಲ್ಲ. ಈ ಘಟ್ಟದ ಇಡೀ ಆಧುನಿಕ ಚರಿತ್ರೆ ಇದೇ ಮಾದರಿಯದು. ಬೋರಘಾಟದ ರೈಲುಮಾರ್ಗದ ಕಾಮಗಾರಿ 1856ರಲ್ಲಿ ಆರಂಭವಾಗಿ 1863ರ ಏಪ್ರಿಲ್‌ನಲ್ಲಿ ಮುಗಿಯಿತು. ಸುಮಾರು 25 ಕಿಲೋಮೀಟರು ದೂರದಲ್ಲಿ ಮಾರ್ಗ 1,831 ಅಡಿ ಮೇಲೇರುತ್ತದೆ. 25 ಸುರಂಗಗಳನ್ನು ಕೊರೆಯಲಾಯಿತು. ಕೆಲವೆಡೆ ಏರು 37 ಅಡಿಗೆ ಒಂದು ಅಡಿಯಷ್ಟು ಕಡಿದು. ಬಂಡಿಯನ್ನು ಒಂದೆಡೆ ನಿಲ್ಲಿಸಿ, ದಿಕ್ಕು ಬದಲಿಸಿ ಹತ್ತಿಸುವ ‘ರಿವರ್ಸಿಂಗ್ ಸ್ಟೇಶನ್’ 1929ರ ಹೊತ್ತಿಗೆ ಹೊಸ ಮಾರ್ಗ ಬರುವವರೆಗೂ ಕೆಲಸ ಮಾಡುತ್ತಿತ್ತು. ಯೋಜನೆ ರೂಪಿಸಿದ ಮುಖ್ಯ ಇಂಜಿನಿಯರ್ ಜೇಮ್ಸ್ ಬರ್ಕ್‌ಲಿ ಅವರ ಹೆಸರು ಎಲ್ಲ ಗ್ರಂಥಗಳಲ್ಲಿದೆ. ಮೊದಲ ಗುತ್ತಿಗೆದಾರ ಫೇವಿಯಲ್ ಅವರ ಹೆಸರೂ ಇದೆ. ಕೂಲಿಯ ಹಣ ಸಿಗದೆ ರೊಚ್ಚಿಗೆದ್ದ ಕೆಲಸಗಾರರ ದಂಗೆಯ ಬಳಿಕ 1859ರಲ್ಲಿ ಅವರು ಗುತ್ತಿಗೆಯನ್ನು ಬಿಟ್ಟುಕೊಟ್ಟರು. ಆಗ ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ ಭಾರತಕ್ಕೆ ಬಂದಿಳಿದ ಕೆಲವೇ ವಾರಗಳಲ್ಲಿ ತೀರಿಕೊಂಡರು. ಅವರ ಪತ್ನಿ ಆಲಿಸ್ ಟ್ರೆಡ್‌ವೆಲ್ ಊರಿಗೆ ಹಿಂದಿರುಗುವ ಬದಲು ಗುತ್ತಿಗೆಯನ್ನು ತಾವೇ ವಹಿಸಿಕೊಂಡು, ಇಬ್ಬರು ಇಂಜಿನಿಯರರನ್ನು ನೇಮಿಸಿ ಕೆಲಸವನ್ನು ಪೂರೈಸಿದರು. ಆ ಕಾಲದ ಒಬ್ಬ ಹೆಂಗಸು ತೋರಿದ ಈ ಸ್ಥೈರ್ಯ ಮೆಚ್ಚತಕ್ಕದ್ದೇ ಸರಿ.

ನಮ್ಮ ವಿಷಯಕ್ಕೆ ಮುಖ್ಯವಾದುದು ಮತ್ತೊಂದು ಸಂಗತಿ. ಈ ಕಾಮಗಾರಿಯ ಛಾಯಾಚಿತ್ರಗಳು ಆಲಿಸ್ ಅವರ ಹೆಸರಿನೊಡನೆ ಉಳಿದುಬಂದಿವೆ. ಕಮಾನು ಸೇತುವೆಗಳು, ಸುರಂಗದ ಬಾಯಿಗಳು, ಸೀಳಿದ ಬಂಡೆಗಳು, ಎಲ್ಲವೂ ಸ್ಪಷ್ಟ. 1861ರಲ್ಲಿ ಕೆಲಸ ಭರದಿಂದ ಸಾಗಿದ್ದಾಗ ಘಟ್ಟದಲ್ಲಿ 42,000 ಜನ ದುಡಿಯುತ್ತಿದ್ದರು. ಕಾಲರಾ, ಜ್ವರ, ಸಿಡಿಮದ್ದಿನ ಅಪಘಾತಗಳಿಗೆ ಸಾವಿರಾರು ಮಂದಿ ಬಲಿಯಾದರು. ಕಲ್ಲು ಮಣ್ಣಿನ ಕೆಲಸವನ್ನೇ ಕಸುಬಾಗಿ ಉಳ್ಳ ವಡ್ಡರ ತಂಡಗಳು ಹೆಂಡಿರು ಮಕ್ಕಳು ಕತ್ತೆಗಳೊಡನೆ ದಖ್ಖನಿನ ಉದ್ದಗಲಕ್ಕೂ ಇಂಥ ಕಾಮಗಾರಿಗಳನ್ನು ಅರಸಿ ನಡೆಯುತ್ತಿದ್ದ ಕಾಲವದು. ಆದರೆ ಆ ಕಾಲದ ಇಂಥ ಚಿತ್ರಗಳಲ್ಲಿ ದುಡಿಯುವ ಜನ ಎಲ್ಲಿ? ಗಾಜಿನ ಫಲಕದ ಮೇಲೆ ಚಿತ್ರ ಮೂಡಲು ಆಗ ಹಲವು ಸೆಕೆಂಡುಗಳು ಬೇಕಾಗುತ್ತಿದ್ದವು. ಅಲುಗಾಡದೆ ನಿಂತವರು ಮೂಡಿದರು. ಬುಟ್ಟಿ ಹೊತ್ತು ನಡೆಯುತ್ತಿದ್ದವರು ಮಸುಕಾದ ನೆರಳಾದರು, ಇಲ್ಲವೇ ಪೂರ್ತಿ ಅಳಿಸಿಹೋದರು. ಕೊಡೆ ಹಿಡಿದು ನಿಲ್ಲಬಲ್ಲವರು ಮೇಲ್ವಿಚಾರಕರು ಮಾತ್ರ. ಕ್ಯಾಮರಾದ ಈ ಪಕ್ಷಪಾತವನ್ನು ದಫ್ತರಗಳೂ ಮುಂದುವರಿಸಿದವು: ಸೇತುವೆಯ ಉದ್ದಗಲಗಳು ಅಂಗುಲದ ಲೆಕ್ಕದಲ್ಲಿ ದಾಖಲಾದವು, ಕೂಲಿಗಳು ಸಂಖ್ಯೆಯಾಗಿ ಮಾತ್ರ ಉಳಿದರು. ಆ ಸೇತುವೆಗಳಲ್ಲೊಂದು, ಮಾವ್-ಕೀ-ಮಲ್ಲಿಯ ಕಮಾನು ಸೇತುವೆ, 1867ರ ಮಳೆಗಾಲದಲ್ಲಿ ಕುಸಿದುಬಿತ್ತು. ಬಿದ್ದ ಸೇತುವೆಗೂ ಚರಿತ್ರೆಯಲ್ಲಿ ಹೆಸರಿದೆ. ಅದನ್ನು ಕಟ್ಟಿದ ಕೈಗಳಿಗಿಲ್ಲ.

ಕಾಲ ಹಿಂದೆ ಸರಿದಷ್ಟೂ ದುಡಿಮೆಗಾರನ ಹೆಸರು ಮರೆಯಾಗುವುದು ಸಹಜವೆಂದು ಯಾರಾದರೂ ವಾದಿಸಿಯಾರು. ಅವರು ಲೋಣಾವಳಾದಿಂದ ಎರಡು ಹರದಾರಿ ದೂರದ ಕಾರ್ಲೆಗೆ ಹೋಗಿ ಬರಬೇಕು. ಏಕವೀರಾ ದೇವಿಯ ಗುಡಿಯ ಹಿಂದೆ ಬಂಡೆಯಲ್ಲಿ ಕೊರೆದ ಚೈತ್ಯ 124 ಅಡಿ ಉದ್ದವಿದೆ. ಕಮಾನಿನ ಅಡಿಯಲ್ಲಿ ಪುರಾತನ ಮರದ ಪಕ್ಕೆಗಳು ಈಗಲೂ ಉಳಿದಿವೆ. ಇದರ ಗೋಡೆ, ಕಂಬಗಳ ತುಂಬ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನಗಳು. ದೊಡ್ಡವರ ಹೆಸರುಗಳಿವೆ: ಸಿಂಹಸ್ತಂಭವನ್ನು ಕೊಟ್ಟ ಮಹಾರಥಿ ಅಗ್ನಿಮಿತ್ರಣಕ, ಭಿಕ್ಷುಗಳಿಗೆ ಗ್ರಾಮವನ್ನು ದತ್ತಿ ಬಿಟ್ಟ ನಹಪಾನನ ಅಳಿಯ ಉಷವದಾತ. ಅವರ ಜೊತೆಗೇ, ಧೇನುಕಾಕಟ ಎಂಬ ಊರಿನ ಗಂಧದ ವ್ಯಾಪಾರಿ ಸಿಂಹದತ್ತ ಬಾಗಿಲಿನ ದಾನಿಯೆಂದು ಕೆತ್ತಿದ್ದಾರೆ. ಯವನರ ಹೆಸರುಗಳನ್ನು ಕಂಬಗಳ ಮೇಲೆ ಕೆತ್ತಿದ್ದಾರೆ. ಬಾಗಿಲನ್ನು ಮಾಡಿದ ಬಡಗಿ ಸಾಮಿಯನ್ನು ಅವನ ತಂದೆಯ ಹೆಸರಿನೊಡನೆ ಸ್ಮರಿಸಿದ್ದಾರೆ. ಎರಡು ಸಾವಿರ ವರ್ಷಗಳ ಹಿಂದಿನ ಬಡಗಿಯ ಹೆಸರು, ಅವನ ತಂದೆಯ ಹೆಸರು, ಅವನ ಊರು ನಮಗೆ ಗೊತ್ತು. ನೂರು ವರ್ಷಗಳ ಹಿಂದಿನ ಬಾವಿ ಕಟ್ಟಿದವನ ಹೆಸರು ಗೊತ್ತಿಲ್ಲ. ಇದರಲ್ಲಿ ಕಾಲದ ತಪ್ಪೇನೂ ಇಲ್ಲ. ಹೆಸರು ಬರೆದಿಡಬೇಕೆಂದು ಅಲ್ಲಿ ಯಾರಿಗೋ ಅನ್ನಿಸಿತು, ಇಲ್ಲಿ ಯಾರಿಗೂ ಅನ್ನಿಸಲಿಲ್ಲ.

ಕಾರ್ಲೆಯ ಶಾಸನಗಳಲ್ಲಿ ಕನ್ನಡಿಗರನ್ನು ಪುಲಕಗೊಳಿಸುವ ಒಂದು ಹೆಸರಿದೆಯೆಂಬುದನ್ನು ನಾನು ಮರೆತಿಲ್ಲ. ಈ ಶಿಲಾಭವನವನ್ನು ಪೂರ್ಣಗೊಳಿಸಿದವನು, ಜಂಬೂದ್ವೀಪದಲ್ಲಿಯೇ ಇದು ಉತ್ತಮವಾದುದೆಂದು ಹೆಮ್ಮೆಯಿಂದ ಕೆತ್ತಿಸಿದವನು, ವೈಜಯಂತಿಯ ಶ್ರೇಷ್ಠಿ ಭೂತಪಾಲ. ವೈಜಯಂತಿಯೆಂದರೆ ನಮ್ಮ ಬನವಾಸಿ ಎಂಬುದು ಅನೇಕ ವಿದ್ವಾಂಸರ ಮತ. ಕದಂಬರ ಶಾಸನಗಳಲ್ಲಿಯೂ ಬನವಾಸಿಗೆ ಆ ಹೆಸರಿದೆ. ಇದನ್ನು ಹೇಳಿದೊಡನೆ ನಮ್ಮ ಸಭೆಗಳಲ್ಲಿ ಚಪ್ಪಾಳೆ ಬೀಳುತ್ತದೆ. ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿದೆ, ಆದುದರಿಂದ ಲೋಣಾವಳಾ ಮೂಲತಃ ನಮ್ಮದೇ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ.

ಈ ಬಗೆಯ ಹಕ್ಕುಸಾಧನೆಗೆ ನನ್ನ ವಿರೋಧವಿದೆ. ಭೂತಪಾಲನ ಮನೆಮಾತು ಯಾವುದೆಂದು ಶಾಸನ ಹೇಳುವುದಿಲ್ಲ. ಅವನು ಕೆತ್ತಿಸಿದ ಭಾಷೆಯಂತೂ ಪ್ರಾಕೃತ. ಅವನು ಇಲ್ಲಿಗೆ ನೆಲವನ್ನು ಗೆಲ್ಲಲು ಬಂದವನೂ ಅಲ್ಲ. ಕೊಂಕಣದ ಬಂದರುಗಳಿಂದ ಘಟ್ಟ ಹತ್ತಿ ದಖ್ಖನಿಗೆ ಹೋಗುವ ಸಾರ್ಥವಾಹರ ದಾರಿಯಲ್ಲಿ, ಪರಊರಿನಿಂದ ಬಂದವನೊಬ್ಬ ಈ ಊರಿಗೆ ಸಲ್ಲುವಂಥದನ್ನು ಕಟ್ಟಿಸಿ ತನ್ನ ಊರಿನ ಹೆಸರನ್ನು ಹೇಳಿ ಹೋದ. ಹೊರನಾಡ ಕನ್ನಡಿಗರಿಗೆ ಇದಕ್ಕಿಂತ ಯೋಗ್ಯವಾದ ಆದರ್ಶ ಬೇರೊಂದು ಬೇಕಿಲ್ಲ. ನೆಲದ ಮೇಲಿನ ಹಕ್ಕನ್ನು ಸಾಧಿಸಲು ಚರಿತ್ರೆಯನ್ನು ಬಳಸಿದರೆ ನೆರೆಹೊರೆಯವರು ಕೋಲು ಹಿಡಿದು ನಿಲ್ಲುತ್ತಾರೆ. ಊರಿಗೆ ಯಾರು ಏನನ್ನು ಕೊಟ್ಟರೆಂದು ತಿಳಿಯಲು ಬಳಸಿದರೆ ತಮ್ಮ ಮನೆಯ ಚಿತ್ರಗಳನ್ನು ಹೊರತೆಗೆದು ತೋರಿಸುತ್ತಾರೆ. ನನ್ನ ನೆರೆಮನೆಯ ವೃದ್ಧೆ ಟ್ರಂಕನ್ನು ತೆರೆದದ್ದು ನಾನು ಅವರ ತವರಿನ ವಿಷಯವನ್ನು ಕೇಳಿದೆನೆಂದು. ಕನ್ನಡಿಗರ ವಿಷಯವನ್ನೇ ಕೇಳುತ್ತಾ ಹೋಗಿದ್ದರೆ ಆ ಕನ್ನಡಿಗ ನನಗೆ ಸಿಗುತ್ತಲೇ ಇರಲಿಲ್ಲ.

ಇನ್ನೊಂದು ವಿಷಯ ಹೆಚ್ಚು ತುರ್ತಿನದು. ಚಿತ್ರವಷ್ಟೇ ಉಳಿದು ಊರೇ ಇಲ್ಲದಂತಾಗುವ ಸಂದರ್ಭಗಳಿವೆ. ಲೋಣಾವಳಾದ ದಕ್ಷಿಣಕ್ಕೆ ಮುಳಶಿಯಲ್ಲಿ ಟಾಟಾ ಕಂಪನಿ ಮತ್ತೊಂದು ಅಣೆಕಟ್ಟನ್ನು ಕೈಗೆತ್ತಿಕೊಂಡಾಗ, ಸುಮಾರು 50 ಹಳ್ಳಿಗಳ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು; ಸೇನಾಪತಿ ಬಾಪಟರು ಅದರ ಮುಂದಾಳು. ಸತ್ಯಾಗ್ರಹ 1924ರಲ್ಲಿ ಕೊನೆಗೊಂಡಿತು, ಅಣೆಕಟ್ಟು ಎದ್ದಿತು, ಹೊಲಗಳು ಮುಳುಗಿದವು. ಕನ್ನಡಿಗರಿಗೆ ಈ ಕಥೆ ಹೊಸದೇನಲ್ಲ. ಕನ್ನಂಬಾಡಿಯ ಹಳೆಯ ಊರು ಕೃಷ್ಣರಾಜಸಾಗರದ ನೀರಿನಡಿ ಹೋಯಿತು; ಲಿಂಗನಮಕ್ಕಿಯಿಂದ ಶರಾವತಿ ಕಣಿವೆಯ ಜನ ಚದುರಿದರು; ಕಾಳಿ ನದಿಯ ದಡದ ಸೂಪಾ ಮುಳುಗಿತು; ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಬೀದಿಗಳನ್ನು ನುಂಗಿತು. ನಮ್ಮ ಸಂಘಗಳಲ್ಲಿ ಆ ಊರುಗಳಿಂದ ಬಂದವರಿದ್ದಾರೆ. ಅವರ ಮನೆಯಲ್ಲಿರುವ ಒಂದು ಮದುವೆಯ ಚಿತ್ರದ ಹಿನ್ನೆಲೆಯಲ್ಲಿ ಕಾಣುವ ಬೀದಿ, ಅಂಗಡಿಯ ಹಲಗೆ, ಅಶ್ವತ್ಥಕಟ್ಟೆ, ಇವು ಬೇರೆಲ್ಲಿಯೂ ಇಲ್ಲ. ಮದುಮಕ್ಕಳನ್ನು ನೋಡಲು ಇರಿಸಿಕೊಂಡ ಚಿತ್ರ ಊರಿನ ಕೊನೆಯ ಸಾಕ್ಷಿಯಾಗಿದೆ ಎಂಬ ಅರಿವು ಮನೆಯವರಿಗೇ ಇರುವುದಿಲ್ಲ.

ಚಿತ್ರದ ನಡುವಿಗಿಂತ ಅಂಚು ಮುಖ್ಯವೆಂಬುದಕ್ಕೆ ನಮ್ಮ ನಾಡಿನ ಮೊದಲ ಛಾಯಾಚಿತ್ರಗಳೇ ನಿದರ್ಶನ. ಮುಂಬಯಿ ಸರಕಾರ 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಛಾಯಾಚಿತ್ರಕಾರನನ್ನಾಗಿ ನೇಮಿಸಿ ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಕಳುಹಿಸಿತು. ಮರುವರ್ಷ ಗ್ರೀನ್‌ಲಾ ಹಂಪಿಯನ್ನು ಚಿತ್ರಿಸಿದರು. ಅವರಿಗೆ ಬೇಕಾಗಿದ್ದುದು ಗುಡಿ, ಗೋಪುರ, ಗುಮ್ಮಟ. ಆದರೆ ಐಹೊಳೆಯಂಥ ಊರಿನಲ್ಲಿ ಜನ ಗುಡಿಗಳನ್ನೇ ಮನೆ ಮಾಡಿಕೊಂಡಿದ್ದರು. ಒಂದು ಗುಡಿಗೆ ಅದರಲ್ಲಿ ವಾಸವಿದ್ದ ಲಾಡಖಾನನ ಹೆಸರೇ ನಿಂತಿತು. ಮುಂದೆ ಸ್ಮಾರಕಗಳ ರಕ್ಷಣೆಗೆಂದು ಅಂಥ ಮನೆಗಳನ್ನೆಲ್ಲ ತೆರವು ಮಾಡಲಾಯಿತು. ಗುಡಿ ಉಳಿಯಿತು, ಗುಡಿಯೊಳಗಿನ ಒಲೆ ಆರಿತು. ಅಂಥ ಬದುಕನ್ನು ಹುಡುಕುವವರು ಹಳೆಯ ಚಿತ್ರಗಳ ಅಂಚಿನಲ್ಲಿ ಕಾಣುವ ಮಣ್ಣಿನ ಗೋಡೆ, ಹುಲ್ಲಿನ ಬಣವೆಗಳನ್ನೇ ನೋಡಬೇಕು.

ಈಗ ನಮ್ಮ ಸಂಘಗಳ ಕಡೆಗೆ ಬರೋಣ. ಪುಣೆ, ಮುಂಬಯಿ, ಲೋಣಾವಳಾಗಳ ಕನ್ನಡಿಗರೆಂದರೆ ಯಾರು? ಸಂಘದ ದಫ್ತರದಲ್ಲಿ ಬ್ಯಾಂಕಿನವರಿದ್ದಾರೆ, ರೈಲ್ವೆಯವರಿದ್ದಾರೆ, ಪ್ರಾಧ್ಯಾಪಕರು, ಹೋಟೆಲ್ ಉದ್ಯಮಿಗಳು ಇದ್ದಾರೆ. ಬಿಜಾಪುರ, ಕಲಬುರ್ಗಿ, ಯಾದಗಿರಿ ಕಡೆಗಳಿಂದ ಬಂದು ಇಲ್ಲಿನ ಕಟ್ಟಡಗಳಿಗೆ ಕಲ್ಲು ಇಟ್ಟಿಗೆ ಹೊರುವವರು ಆ ದಫ್ತರದಲ್ಲಿ ಇಲ್ಲ. ನಮ್ಮ ಸಭಾಂಗಣದಿಂದ ಕೂಗಳತೆಯ ದೂರದಲ್ಲಿ, ತಗಡಿನ ಶೆಡ್ಡುಗಳಲ್ಲಿ, ನಾವು ಭಾಷಣಗಳಲ್ಲಿ ಹೊಗಳುವ ಕನ್ನಡವನ್ನು ಅವರು ಮನೆಮಾತಾಗಿ ಆಡುತ್ತಿದ್ದಾರೆ. ಬಾವಿಯ ಕಟ್ಟೆಯ ತುದಿಯಲ್ಲಿ ಸುತ್ತಿಗೆ ಹಿಡಿದು ನಿಂತವನ ನಿಜವಾದ ವಾರಸುದಾರರು ಅವರೇ. ಇಂದು ಅವರನ್ನು ಮಾತನಾಡಿಸದ ನಾವು, ಮರಾಠಿಗರು ಅವನ ಹೆಸರನ್ನು ಉಳಿಸಿಕೊಳ್ಳಲಿಲ್ಲವೆಂದು ದೂರುವುದು ನ್ಯಾಯವಾಗಲಾರದು. ಅವರ ಒಂದು ಸಾಲನ್ನಾದರೂ ನಮ್ಮ ಸ್ಮರಣ ಸಂಚಿಕೆಯಲ್ಲಿ, ಹೆಸರು ಊರುಗಳೊಡನೆ, ಚಿತ್ರ ಸಮೇತ ಅಚ್ಚು ಹಾಕಲು ನಮಗೆ ಅಡ್ಡಿಯೇನು?

ಇದಕ್ಕೆ ದೊಡ್ಡ ಪಾಂಡಿತ್ಯವಾಗಲಿ, ದೊಡ್ಡ ನಿಧಿಯಾಗಲಿ ಬೇಕಿಲ್ಲ. ದಾಮೋದರ ಧರ್ಮಾನಂದ ಕೋಸಂಬಿಯವರು ಗಣಿತದ ಪ್ರಾಧ್ಯಾಪಕರು. ಪುಣೆಯಿಂದ ಮುಂಬಯಿಗೆ ಡೆಕ್ಕನ್ ಕ್ವೀನ್ ರೈಲಿನಲ್ಲಿ ಓಡಾಡುತ್ತಿದ್ದ ಅವರು ಬಿಡುವಿನ ದಿನಗಳಲ್ಲಿ ಇದೇ ಕಾರ್ಲೆ, ಭಾಜೆಗಳ ಸುತ್ತಿನ ಕಾಲುದಾರಿಗಳನ್ನು ತುಳಿದು, ಹಳ್ಳಿಗರನ್ನು ವಿಚಾರಿಸಿ, ಗ್ರಂಥಾಲಯದಲ್ಲಿ ಸಿಗದ ಚರಿತ್ರೆಯನ್ನು ಹೆಕ್ಕಿ ತೆಗೆದರು. ಧೇನುಕಾಕಟ ಎಲ್ಲಿತ್ತೆಂಬ ಪ್ರಶ್ನೆಯನ್ನು ಬಿಡಿಸಲು ಅವರು ಬಳಸಿದ್ದು ಶಾಸನಗಳ ಓದಿನಷ್ಟೇ ಕಾಲ್ನಡಿಗೆಯನ್ನು. ರಜೆಯಲ್ಲಿ ಲೋಣಾವಳಾಕ್ಕೆ ಬಂದು ಭುಟ್ಟಾ ತಿಂದು ಹಿಂದಿರುಗುವ ನಾವು ಅದರ ಹತ್ತರಲ್ಲೊಂದು ಪಾಲನ್ನು ಮಾಡಬಲ್ಲೆವು.

ನನ್ನ ಸಲಹೆಗಳು ಸರಳವಾದವು. ಪ್ರತಿಯೊಂದು ಸಂಘವೂ ವರ್ಷಕ್ಕೊಂದು ಭಾನುವಾರವನ್ನು ‘ಚಿತ್ರದ ದಿನ’ವೆಂದು ಗೊತ್ತುಪಡಿಸಲಿ. ಸದಸ್ಯರು ಮನೆಯ ಹಳೆಯ ಚಿತ್ರಗಳನ್ನು ತರಲಿ. ಮರಾಠಿ, ಗುಜರಾತಿ ನೆರೆಯವರನ್ನೂ ಕರೆತರಲಿ. ಅಲ್ಲಿಯೇ ಪ್ರತಿ ತೆಗೆದು ಮೂಲವನ್ನು ಮನೆಯವರಿಗೇ ಹಿಂದಿರುಗಿಸಬೇಕು. ಹಿರಿಯರನ್ನು ಕೂರಿಸಿ, ಎಡದಿಂದ ಬಲಕ್ಕೆ ಯಾರು ಯಾರೆಂದು ಕೇಳಿ, ಊರು, ಸಂದರ್ಭ, ಅಂದಾಜಿನ ಇಸವಿ, ಹೇಳಿದವರ ಹೆಸರು, ಹೇಳಿದ ದಿನಾಂಕ, ಇವಿಷ್ಟನ್ನು ಕನ್ನಡದಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಬರೆದಿಡಬೇಕು. ಚಿತ್ರದ ಬೆನ್ನ ಮೇಲೆ ಬರೆಯುವಾಗ ಅಂಚಿನಲ್ಲಿ, ಮೆದು ಪೆನ್ಸಿಲಿನಿಂದ, ಒತ್ತದೆ ಬರೆಯಬೇಕು. ಮಸಿ ಮುಂದೆ ಮುಖಗಳ ಮೇಲೆ ಒಸರುತ್ತದೆ. ಗೋಂದು ಹಚ್ಚಿ ಅಂಟಿಸುವುದು, ಲ್ಯಾಮಿನೇಶನ್ ಮಾಡಿಸುವುದು ಚಿತ್ರವನ್ನು ಕೊಂದಂತೆಯೇ. ಗೊತ್ತಿಲ್ಲದ ಮುಖದ ಕೆಳಗೆ ‘ಗೊತ್ತಿಲ್ಲ’ ಎಂದೇ ಬರೆಯಬೇಕು. ಊಹೆಯ ಹೆಸರು ಬರೆದರೆ ಎಲ್ಫಿನ್‌ಸ್ಟನ್ ಸಾಹೇಬರ 1871ರ ಕಥೆಗೆ ಇನ್ನೊಂದು ಸೇರಿಸಿದಂತಾಗುತ್ತದೆ.

ಇಂದಿನ ಕಾಲಕ್ಕೆ ಒಂದು ಎಚ್ಚರಿಕೆಯ ಮಾತು ಅಗತ್ಯ. ‘ಹಳೆಯ ಲೋಣಾವಳಾ’ ಎಂಬ ಶಿರೋನಾಮೆಯಿರುವ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರುತ್ತವೆ. ಎಲ್ಲಿಯದು, ಯಾರದು ಎಂಬುದಕ್ಕೆ ಆಧಾರವಿಲ್ಲದೆ ಅವುಗಳನ್ನು ನಂಬಬಾರದು. ಗಣಕಯಂತ್ರ ಬಣ್ಣ ತುಂಬಿ, ಸೀಳಿದ ಮುಖವನ್ನು ತಿದ್ದಿ ಕೊಡುವ ಚಿತ್ರ ಗೋಡೆಗೆ ಚೆನ್ನ, ಸಾಕ್ಷಿಗೆ ಸಲ್ಲದು. ಆ ಸೀರೆಯ ಬಣ್ಣ ಯಂತ್ರಕ್ಕೂ ಗೊತ್ತಿಲ್ಲ. ಇನ್ನು, ಸಾವಿರಗಟ್ಟಲೆ ಚಿತ್ರಗಳನ್ನು ಜೇಬಿನಲ್ಲಿ ಹೊತ್ತು ತಿರುಗುವ ನಮ್ಮ ಮಕ್ಕಳು ಒಂದಕ್ಕೂ ಹೆಸರು ಬರೆಯುವುದಿಲ್ಲ. ಟ್ರಂಕಿನ ಚಿತ್ರಕ್ಕೆ ಗೆದ್ದಲು ಶತ್ರುವಾದರೆ ಇವುಗಳಿಗೆ ಮರೆವೇ ಶತ್ರು. ವರ್ಷಕ್ಕೆ ಹತ್ತನ್ನಾದರೂ ಕಾಗದದ ಮೇಲೆ ಇಳಿಸಿ ಹೆಸರು ಬರೆಯಿಸುವ ಅಭ್ಯಾಸವನ್ನು ಮನೆಯಲ್ಲಿ ಮಾಡಬೇಕು.

ಈ ಕೆಲಸ ನಿಧಾನಕ್ಕೆ ಬಿಡುವಂಥದಲ್ಲ. ಚಿತ್ರ ಇನ್ನೂ ಐವತ್ತು ವರ್ಷ ಬಾಳೀತು. ಅದರಲ್ಲಿರುವವರನ್ನು ಗುರುತಿಸಬಲ್ಲ ಕಣ್ಣುಗಳು ಅಷ್ಟು ಕಾಲ ಬಾಳಲಾರವು. ಪ್ರತಿ ಮಳೆಗಾಲ ಕಳೆದಾಗ ನಮ್ಮ ನಡುವಿನ ಒಬ್ಬಿಬ್ಬರು ಹಿರಿಯರು ಇರುವುದಿಲ್ಲ. ಅವರೊಡನೆ ಹತ್ತಾರು ಮುಖಗಳು ಎರಡನೆಯ ಸಲ ಸಾಯುತ್ತವೆ. ಆದುದರಿಂದ ಬರುವ ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಕಲ್ಲಿನ ರಥಕ್ಕೆ ಒಂದು ವರ್ಷ ವಿಶ್ರಾಂತಿ ಕೊಟ್ಟು, ನಾವಿರುವ ಊರಿನ ಒಂದು ಹಳೆಯ ಚಿತ್ರವನ್ನು ಮುಖಪುಟಕ್ಕೆ ಹಾಕೋಣ. ಅದರ ಕೆಳಗೆ ಎಷ್ಟು ಹೆಸರುಗಳನ್ನು ಬರೆಯಬಲ್ಲೆವೋ ಅಷ್ಟನ್ನೂ ಬರೆಯೋಣ. ಹೆಸರು ಸಿಗದ ಮುಖಗಳಿಗಾಗಿ ಖಾಲಿ ಜಾಗವನ್ನು ಬಿಡೋಣ; ಸಂಚಿಕೆ ಕೈಯಿಂದ ಕೈಗೆ ಹೋದಾಗ ಯಾರಾದರೂ ಗುರುತಿಸಿ ತುಂಬಿ ಕಳುಹಿಸಿಯಾರು.